ಬೀಡಿ ಕಾರ್ಮಿಕರ ಹೆಸರಿನಲ್ಲಿ ಉದ್ಯಮದ ಮಾತು ಸಂಸತ್ತನ್ನು ಸೇರದಿರಲಿ: ಕಾಸರಗೋಡಿನ ಲೋಕಸಭಾ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರೇ,

ಸವಿನಯ ವಂದನೆಗಳು.

ನಾನು ಮಂಜೇಶ್ವರ ತಾಲೂಕಿನ ಒಬ್ಬ ಮತದಾರ. ಆರೋಗ್ಯ ಇಲಾಖೆಯಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿ ದುಡಿದು ನಿವೃತ್ತನಾಗಿದ್ದೇನೆ. ಬೀಡಿ ಕಟ್ಟಿ ನಮ್ಮನ್ನೆಲ್ಲ ಓದಿಸಿದ ತಾಯಿಯ ಮಗನೂ ಹೌದು. ಧೂಮಪಾನ ನಿಯಂತ್ರಣದ ಬಗ್ಗೆ ಸಾರ್ವಜನಿಕ ಆರೋಗ್ಯ ತಜ್ಞರಿಗೂ ತಂಬಾಕು ಉದ್ಯಮಕ್ಕೂ ನಡೆಯುತ್ತಾ ಬಂದಿರುವ ವ್ಯಾಜ್ಯ ದೆಹಲಿಯ ಸಭಾಂಗಣಗಳಲ್ಲಿ ಮುಗಿದುಹೋಗುವಂಥದ್ದಲ್ಲ. ಅದರ ತೀರ್ಪು ಕುಂಬಳೆ, ಬದಿಯಡ್ಕ, ಪೈವಳಿಕೆ, ವರ್ಕಾಡಿಯ ಮನೆಗಳ ಜಗಲಿಯವರೆಗೂ ಬರುತ್ತದೆ. ಆ ವ್ಯಾಜ್ಯದಲ್ಲಿ ಉದ್ಯಮವು ಪ್ರತಿ ಸಲವೂ ಮುಂದೆ ನಿಲ್ಲಿಸುವುದು ನನ್ನ ತಾಯಿಯಂಥವರನ್ನು. ಆರೋಗ್ಯದ ಪ್ರಶ್ನೆಯನ್ನೂ ಕಾರ್ಮಿಕರ ಹೊಟ್ಟೆಪಾಡಿನ ಪ್ರಶ್ನೆಯನ್ನೂ ಬೇರೆಬೇರೆಯಾಗಿ ಹಿಡಿದು, ಎರಡಕ್ಕೂ ನ್ಯಾಯ ಕೊಡಿಸುವ ಜವಾಬ್ದಾರಿಯನ್ನು ನೀವು ಹೊರಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಮೊದಲು ತೆರಿಗೆಯ ಮಾತು. 2025ರ ಸೆಪ್ಟೆಂಬರ್ 3ರಂದು ದೆಹಲಿಯಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 56ನೇ ಸಭೆಯು ಸಿಗರೇಟ್ ಮುಂತಾದ ತಂಬಾಕು ಪದಾರ್ಥಗಳನ್ನು ಶೇಕಡಾ 40ರ ದರಕ್ಕೆ ಏರಿಸಲು ತೀರ್ಮಾನಿಸಿತು. ಅದೇ ಸಭೆಯಲ್ಲಿ ಬೀಡಿಯ ಮೇಲಿನ ತೆರಿಗೆಯನ್ನು ಶೇಕಡಾ 28ರಿಂದ 18ಕ್ಕೂ, ಬೀಡಿ ಎಲೆಯ ಮೇಲಿನದನ್ನು ಶೇಕಡಾ 18ರಿಂದ 5ಕ್ಕೂ ಇಳಿಸಲಾಯಿತು. ಜಿಎಸ್‌ಟಿ ಆರಂಭವಾದಾಗಲೂ ಸಿಗರೇಟಿಗೆ ಪರಿಹಾರ ಸೆಸ್ ಎಂಬ ಹೆಚ್ಚುವರಿ ತೆರಿಗೆ ಹಾಕಿ ಬೀಡಿಯನ್ನು ಅದರಿಂದ ಹೊರಗಿಡಲಾಗಿತ್ತು. ಬೀಡಿಗೆ ತೋರಿದ ಈ ರಿಯಾಯಿತಿಯ ಹಿಂದೆ ಪ್ರತಿ ಸಲವೂ ಕೇಳಿಬಂದದ್ದು ಬಡ ಕಾರ್ಮಿಕರ ಉದ್ಯೋಗದ ವಾದವೇ. ಆದರೆ ತೆರಿಗೆಯಲ್ಲಿ ಉಳಿದ ಹಣದ ಒಂದು ಪಾಲಾದರೂ ಸಾವಿರ ಬೀಡಿಯ ಮಜೂರಿಗೆ ಸೇರಬೇಕೆಂಬ ಷರತ್ತು ಆ ತೀರ್ಮಾನದಲ್ಲಿ ಇಲ್ಲ. ಇಳಿದ ತೆರಿಗೆಯಿಂದ ಬೀಡಿ ಅಗ್ಗವಾದರೆ ಸೇದುವವರು ಹೆಚ್ಚುತ್ತಾರೆ, ಬೆಲೆ ಹಾಗೆಯೇ ಉಳಿದರೆ ಲಾಭ ಕಂಪನಿಗೆ ಹೋಗುತ್ತದೆ. ಎರಡರಲ್ಲಿ ಯಾವುದಾದರೂ ಕಟ್ಟುವವಳ ಕೈಗೆ ಏನೂ ಬರುವುದಿಲ್ಲ. ಇದಕ್ಕಿಂತ ಹೆಚ್ಚು ನೋವಿನ ವಿಷಯವೆಂದರೆ, ಬೀಡಿ ಕಾರ್ಮಿಕರ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ, ಮನೆ ಕಟ್ಟುವ ಸಹಾಯಧನ ಇವುಗಳಿಗೆಂದೇ 1976ರ ಕಾಯ್ದೆಗಳ ಮೂಲಕ ವಸೂಲಾಗುತ್ತಿದ್ದ ಕಲ್ಯಾಣ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು. ಕಾರ್ಮಿಕರಿಗೆ ನೇರವಾಗಿ ತಲುಪುತ್ತಿದ್ದ ಹಣದ ಮೂಲ ಹೋಯಿತು, ಕಾರ್ಮಿಕರ ಹೆಸರಿನಲ್ಲಿ ಕಂಪನಿಗಳಿಗೆ ಸಿಗುವ ರಿಯಾಯಿತಿ ಮಾತ್ರ ಉಳಿಯಿತು.

ಬೀಡಿ ಕಟ್ಟುವ ಕೆಲಸ ಎಂಥದ್ದೆಂದು ಅದನ್ನು ಕಾಣದವರಿಗೆ ತಿಳಿಯಬೇಕು. ಕಂಪನಿಯ ಬ್ರಾಂಚಿನಿಂದ ತೂಕ ಮಾಡಿ ತಂದ ಎಲೆಯನ್ನು ನೀರಲ್ಲಿ ನೆನೆಸಿ, ತಗಡಿನ ಅಳತೆಯಿಟ್ಟು ಕತ್ತರಿಯಲ್ಲಿ ಒಂದೊಂದನ್ನೇ ಕತ್ತರಿಸಬೇಕು. ಮತ್ತೆ ತಡಪೆಯನ್ನು (ಮೊರವನ್ನು) ತೊಡೆಯ ಮೇಲಿಟ್ಟುಕೊಂಡು, ಹೊಗೆಸೊಪ್ಪಿನ ಪುಡಿಯನ್ನು ಚಿಟಿಕೆ ಲೆಕ್ಕದಲ್ಲಿ ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಬಾಯಿ ಮಡಚುತ್ತಾ ಬೆನ್ನು ಬಗ್ಗಿಸಿ ಕೂತರೆ ಏಳುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿರುತ್ತದೆ. ಕಟ್ಟಿದ್ದನ್ನು ಬ್ರಾಂಚಿಗೆ ಒಯ್ದಾಗ ಎಲೆ ಹರಿದಿದೆ, ಬಿಗಿ ಸಾಲದು ಎಂದು ಒಂದಿಷ್ಟನ್ನು ಬದಿಗೆ ತೆಗೆಯುತ್ತಾರೆ. ಅದರ ಮಜೂರಿ ಸಿಗುವುದಿಲ್ಲ. ನನ್ನ ತಾಯಿಯ ಸೀರೆಯಲ್ಲಿ, ತಲೆದಿಂಬಿನಲ್ಲಿ, ನಾವು ಮಕ್ಕಳು ಮಲಗುತ್ತಿದ್ದ ಚಾಪೆಯಲ್ಲಿ ಕೂಡ ಆ ಪುಡಿಯ ಘಾಟು ಇರುತ್ತಿತ್ತು. ಒಂದೇ ಒಂದು ಬೀಡಿ ಸೇದದ ಆಕೆಗೆ ನಡುವಯಸ್ಸಿನಲ್ಲೇ ಕೆಮ್ಮು ಹತ್ತಿತು. ಮುಂದೆ ನೌಕರಿಯ ಮೇಲೆ ಮನೆಮನೆಗೆ ಹೋದಾಗ ಬೀಡಿ ಕಟ್ಟುವ ಎಷ್ಟೋ ಹೆಂಗಸರಲ್ಲಿ ಅದೇ ಕೆಮ್ಮು, ಅದೇ ಉಬ್ಬಸ, ಅದೇ ಸೊಂಟನೋವು, ಕಣ್ಣುರಿ ಕಂಡಿದ್ದೇನೆ. ಇದನ್ನು ಉಳಿಸಿಕೊಡಿ ಎಂದು ಕಂಪನಿ ಕೇಳಬಹುದು. ಆದರೆ ತನ್ನ ಮಗಳೂ ಇದೇ ತಡಪೆಯ ಮುಂದೆ ಕೂರಲಿ ಎಂದು ಬಯಸಿದ ತಾಯಿಯನ್ನು ನಾನು ಕಾಣಲಿಲ್ಲ.

ಉದ್ಯಮಕ್ಕೆ ಕಾರ್ಮಿಕರ ಮೇಲಿರುವ ಕಾಳಜಿ ಎಷ್ಟು ಆಳವಾದದ್ದು ಎಂಬುದಕ್ಕೆ ಉತ್ತರ ಮಲಬಾರಿನ ಚರಿತ್ರೆಯಲ್ಲೇ ಇದೆ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ 1966ರಲ್ಲಿ ಬಂತು. ಕೆಲಸದ ವೇಳೆಗೆ ಮಿತಿ, ಸಂಬಳ ಸಹಿತ ರಜೆ, ಹೆರಿಗೆ ಸೌಲಭ್ಯ ಮೊದಲಾದ ಮನುಷ್ಯ ಸಹಜ ಹಕ್ಕುಗಳನ್ನು ಅದು ಕೊಟ್ಟಿತು. ಕೇರಳ ಸರ್ಕಾರ 1968ರಲ್ಲಿ ಅದನ್ನು ಜಾರಿ ಮಾಡಲು ಹೊರಟಾಗ, ಕಣ್ಣೂರು ಕಡೆಯಲ್ಲಿ ಕೆಲಸ ಕೊಡುತ್ತಿದ್ದ ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು ಕಾಯ್ದೆಯನ್ನು ಪಾಲಿಸುವ ಬದಲು ಇಲ್ಲಿನ ಶಾಖೆಗಳಿಗೆ ಬೀಗ ಹಾಕಿ ಗಡಿ ದಾಟಿದವು. ಸಾವಿರಾರು ಕುಟುಂಬಗಳು ಬೀದಿಗೆ ಬಿದ್ದವು. ಆಗ ಕೈಗಾರಿಕಾ ಸಚಿವರಾಗಿದ್ದ ಟಿ.ವಿ. ಥಾಮಸ್ ಅವರ ಮುತುವರ್ಜಿಯಿಂದ, ಜಿ.ಕೆ. ಪಣಿಕ್ಕರ್ ಅವರ ನೇತೃತ್ವದಲ್ಲಿ 1969ರ ಫೆಬ್ರವರಿಯಲ್ಲಿ ಕೇರಳ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿತು. ಅದರ ಉಚ್ಛ್ರಾಯ ಕಾಲದಲ್ಲಿ ಸುಮಾರು 42,000 ಮಂದಿ, ಕಾಸರಗೋಡಿನವರೂ ಸೇರಿ, ಕಾಯ್ದೆಬದ್ಧ ಸೌಲಭ್ಯಗಳೊಂದಿಗೆ ಅಲ್ಲಿ ದುಡಿದರು. ಬೀಡಿ ಸೇದುವವರು ಕಡಿಮೆಯಾಗುತ್ತಿದ್ದಂತೆ 1990ರ ದಶಕದ ಕೊನೆಗೆ ಅದೇ ಸಂಘ ಮಸಾಲೆ ಪುಡಿ, ತೆಂಗಿನ ಹಾಲು, ಕೊಡೆ, ಸಿದ್ಧ ಉಡುಪುಗಳ ತಯಾರಿಗೆ ಇಳಿಯಿತು. ಎಲ್ಲ ಕಾರ್ಮಿಕರಿಗೂ ಅದರಲ್ಲಿ ಜಾಗ ಸಿಗಲಿಲ್ಲ, ಬೀಡಿಯಿಂದ ಅದು ಪೂರ್ತಿ ಬಿಡಿಸಿಕೊಳ್ಳಲೂ ಇಲ್ಲ. ಅದನ್ನು ಮರೆಮಾಚುವ ಅಗತ್ಯ ನನಗಿಲ್ಲ. ಆದರೂ ಬೀಡಿ ಕಟ್ಟುವ ಕೈಗಳಿಗೆ ಬೇರೆ ಕೆಲಸ ಕಲಿಯಲು ಬರುವುದಿಲ್ಲ ಎಂಬ ಮಾತನ್ನು ಕಣ್ಣೂರಿನ ಕಾರ್ಮಿಕರೇ ಸುಳ್ಳು ಮಾಡಿ ತೋರಿಸಿದ್ದಾರೆ. ಮಜೂರಿಯ ಜೊತೆ ರಜೆ ಕೊಡಬೇಕಾಗಿ ಬಂದಾಗ ಬೀಗ ಹಾಕಿ ಹೊರಟ ಉದ್ಯಮವು ತೆರಿಗೆಯ ಮಾತು ಬಂದಾಗ ಮಾತ್ರ ಕಾರ್ಮಿಕರ ವಕಾಲತ್ತು ವಹಿಸುವುದನ್ನು ನಾವು ಯಾಕೆ ನಂಬಬೇಕು?

ಇನ್ನು ಆರೋಗ್ಯದ ಪ್ರಶ್ನೆ. ಸಿಗರೇಟ್ ಪೊಟ್ಟಣದ ಶೇಕಡಾ 85ರಷ್ಟು ಭಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಇರಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2014ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು. 2015ರ ಏಪ್ರಿಲ್ 1ರಿಂದ ಅದು ಜಾರಿಯಾಗಬೇಕಿತ್ತು. ಆ ದಿನ ಹತ್ತಿರ ಬಂದಾಗ ಕಾಯ್ದೆಗಳ ಅಡಿಯಲ್ಲಿ ಸರ್ಕಾರ ಮಾಡುವ ನಿಯಮಗಳನ್ನು ಪರಿಶೀಲಿಸುವ ಸಂಸತ್ತಿನ ಅಧೀನ ಶಾಸನ ಸಮಿತಿಯು ಅದನ್ನು ಮುಂದೂಡಬೇಕೆಂದು ಹೇಳಿತು. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆಂದು ತೋರಿಸುವ ಭಾರತೀಯ ಅಧ್ಯಯನವೇ ಇಲ್ಲ, ಇರುವುದೆಲ್ಲ ವಿದೇಶದ್ದು ಎಂಬ ಅರ್ಥದ ಮಾತನ್ನು ಸಮಿತಿಯ ಅಧ್ಯಕ್ಷ ದಿಲೀಪ್ ಗಾಂಧಿ ಅವರು ಬಹಿರಂಗವಾಗಿ ಆಡಿದರು. ಸಮಿತಿಯ ಸದಸ್ಯರಲ್ಲಿ ಒಬ್ಬರಾಗಿದ್ದ ಶ್ಯಾಮಾಚರಣ ಗುಪ್ತಾ ಅವರು ಸ್ವತಃ ಬೀಡಿ ಉದ್ಯಮಿಯಾಗಿದ್ದರು. ಈ ಮಾತು ಹೊರಟ ವೇಳೆಗೆ ನಮ್ಮದೇ ಕೇರಳದ ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿಯಲ್ಲಿ, ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ತಜ್ಞರು ಅರುವತ್ತು ಸಾವಿರಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿ, ಬೀಡಿ ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚೆಂದು 2008ರಲ್ಲೇ ಪ್ರಕಟಿಸಿಯಾಗಿತ್ತು. ಅದೇ ವರ್ಷ ಸಾರ್ವಜನಿಕ ಆರೋಗ್ಯ ತಜ್ಞ ಪ್ರಭಾತ್ ಝಾ ಮತ್ತು ಸಂಗಡಿಗರು ದೇಶದ 11 ಲಕ್ಷ ಮನೆಗಳಲ್ಲಿ ನಡೆದ ಸಾವುಗಳ ವಿವರ ಕಲೆಹಾಕಿ, ಬೀಡಿ ಸೇದುವ ಗಂಡಸರು ಸುಮಾರು 6 ವರ್ಷ, ಹೆಂಗಸರು ಸುಮಾರು 8 ವರ್ಷ, ಸಿಗರೇಟ್ ಸೇದುವ ಗಂಡಸರು ಸುಮಾರು 10 ವರ್ಷ ಆಯುಷ್ಯವನ್ನು ಕಳೆದುಕೊಳ್ಳುತ್ತಾರೆಂದು ತೋರಿಸಿದ್ದರು. ದಿನಕ್ಕೆ ಕೆಲವೇ ಬೀಡಿ ಸೇದುವವರಿಗೂ ಅಪಾಯ ತಪ್ಪಿದ್ದಲ್ಲವೆಂದು ಆ ಅಧ್ಯಯನ ಹೇಳಿತ್ತು. ಪುರಾವೆ ಮುಂದೆಯೇ ಇತ್ತು, ನೋಡುವ ಮನಸ್ಸು ಇರಲಿಲ್ಲ. ಕೊನೆಗೆ ಒಂದು ವರ್ಷ ತಡವಾಗಿ, 2016ರ ಏಪ್ರಿಲ್ 1ರಂದು ನಿಯಮ ಜಾರಿಗೆ ಬಂದಾಗ ದೊಡ್ಡ ಸಿಗರೇಟ್ ಕಂಪನಿಗಳು ತಯಾರಿಕೆ ನಿಲ್ಲಿಸಿ ಪ್ರತಿಭಟಿಸಿದವು. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿದ್ದರಿಂದ ಚಿತ್ರಗಳು ಪೊಟ್ಟಣದ ಮೇಲೆ ಉಳಿದವು.

ಪುರಾವೆ ಸಾಲದು ಎಂಬ ವಾದ ಕಾಸರಗೋಡಿನವರಿಗೆ ಹೊಸದಲ್ಲ. ಎಣ್ಮಕಜೆ, ಪಡ್ರೆ, ಮುಳಿಯಾರಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಊರಿನ ವೈದ್ಯರು ಮಕ್ಕಳ ಸ್ಥಿತಿ ಕಂಡು ಬರೆದರು, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಬಂದು ರಕ್ತ ಪರೀಕ್ಷಿಸಿ ವರದಿ ಕೊಟ್ಟರು. ಆದರೂ ಕಾಯಿಲೆಗೂ ಕೀಟನಾಶಕಕ್ಕೂ ಸಂಬಂಧ ಸಾಬೀತಾಗಿಲ್ಲ ಎಂದು ಹೇಳುವ ಸಮಿತಿಗಳಿಗೆ ಕೊರತೆಯಾಗಲಿಲ್ಲ. ಸುಪ್ರೀಂ ಕೋರ್ಟಿನ ನಿಷೇಧ ಬರುವಾಗ 2011ರ ಮೇ ಆಗಿತ್ತು. ನಡುವೆ ಕಳೆದ ವರ್ಷಗಳ ಬೆಲೆಯನ್ನು ತೆತ್ತವರು ಯಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಈ ಅನುಭವ ಇರುವ ಜಿಲ್ಲೆಯ ಪ್ರತಿನಿಧಿಯು ತಂಬಾಕಿನ ವಿಷಯದಲ್ಲಿ ಇನ್ನೂ ಅಧ್ಯಯನವಾಗಲಿ ಎಂಬ ಸಲಹೆ ಕೇಳಿದೊಡನೆ ಎಚ್ಚರಗೊಳ್ಳಬೇಕು.

ಪುರಾವೆಯ ಮೇಲೆ ಸಂದೇಹ ಹುಟ್ಟಿಸುವ ಈ ತಂತ್ರದ ತವರು ಅಮೆರಿಕ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ತೋರಿಸಿಕೊಟ್ಟ ಮೇಲೆ, 1954ರ ಜನವರಿಯಲ್ಲಿ ಅಮೆರಿಕದ ಸಿಗರೇಟ್ ಕಂಪನಿಗಳು ಒಟ್ಟಾಗಿ ನೂರಾರು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಜನರ ಆರೋಗ್ಯವೇ ತಮಗೆ ಮುಖ್ಯವೆಂದೂ ಸಂಶೋಧನೆಗೆ ತಾವೇ ಹಣ ಕೊಡುವುದಾಗಿಯೂ ಮಾತು ಕೊಟ್ಟವು. ಒಳಗೆ ನಡೆದದ್ದು ಬೇರೆ. ಸಂದೇಹವೇ ನಮ್ಮ ಸರಕು ಎಂದು 1969ರ ಒಂದು ಕಂಪನಿಯ ಆಂತರಿಕ ಟಿಪ್ಪಣಿಯಲ್ಲಿ ಬರೆದದ್ದು ಮುಂದೆ ಬಯಲಾಯಿತು. 2006ರಲ್ಲಿ ಅಮೆರಿಕದ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ಅವರು, ಈ ಕಂಪನಿಗಳು ದಶಕಗಳ ಕಾಲ ಸಾರ್ವಜನಿಕರನ್ನು ವಂಚಿಸಿದವೆಂದು ದೀರ್ಘ ತೀರ್ಪಿನಲ್ಲಿ ದಾಖಲಿಸಿದರು. ಸೇದುವವರ ಹೊಗೆಯಿಂದ ಪಕ್ಕದವರಿಗೆ ಆಗುವ ಹಾನಿಯ ವಿಷಯದಲ್ಲೂ ಇದೇ ನಡೆಯಿತು. ಸೇದುವ ಗಂಡಂದಿರ ಜೊತೆ ಬಾಳುವ, ತಾವು ಸೇದದ ಹೆಂಡತಿಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂದು ಜಪಾನಿನ ತಕೇಶಿ ಹಿರಾಯಾಮಾ 1981ರಲ್ಲಿ ತೋರಿಸಿದಾಗ, ಆ ಅಧ್ಯಯನದ ಅಂಕಿ ಅಂಶವನ್ನೇ ಅನುಮಾನಿಸುವಂತೆ ಮಾಡಲು ಉದ್ಯಮ ಬಹಳ ದುಡ್ಡು ಸುರಿಯಿತು.

ತಜ್ಞರೆಲ್ಲ ಎಲ್ಲದರಲ್ಲೂ ಒಂದೇ ಮಾತು ಆಡುತ್ತಾರೆಂದು ನಾನು ಹೇಳುವುದಿಲ್ಲ. ಇ-ಸಿಗರೇಟಿನ ವಿಷಯದಲ್ಲಿ ಬ್ರಿಟನ್ನಿನ ಆರೋಗ್ಯ ಅಧಿಕಾರಿಗಳು ಅದನ್ನು ಸಿಗರೇಟ್ ಬಿಡಿಸುವ ಒಂದು ದಾರಿಯೆಂದು ಕಂಡರೆ, ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2019ರಲ್ಲಿ ಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತು, ಅದೇ ವರ್ಷ ನಿಷೇಧವೂ ಬಂತು. ಇಂಥ ಭಿನ್ನಾಭಿಪ್ರಾಯ ಪ್ರಾಮಾಣಿಕವಾದದ್ದು, ಅದನ್ನು ಗೌರವಿಸಬೇಕು. ಬೀಡಿ ಮತ್ತು ಸಿಗರೇಟ್ ಕೊಲ್ಲುತ್ತವೆಯೇ ಎಂಬಲ್ಲಿ ತಜ್ಞರ ನಡುವೆ ಅಂಥ ಭಿನ್ನಾಭಿಪ್ರಾಯ ಇಲ್ಲ. ಈ ವ್ಯತ್ಯಾಸವನ್ನು ಶಾಸನ ಮಾಡುವವರು ಗುರುತಿಸದಿದ್ದರೆ ಉದ್ಯಮದ ಅರ್ಧ ಕೆಲಸ ಅಲ್ಲಿಗೇ ಆದಂತೆ.

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ತಡೆಯುವುದರಲ್ಲಿ ಕೇರಳ ದೇಶಕ್ಕೇ ದಾರಿ ತೋರಿಸಿತ್ತು. 1999ರ ಜುಲೈಯಲ್ಲಿ ಕೇರಳ ಹೈಕೋರ್ಟ್ ಅದನ್ನು ನಿಷೇಧಿಸಿ ನೀಡಿದ ತೀರ್ಪಿನ ನೆನಪು ನಿಮಗಿರಬಹುದು. ಆವರೆಗೆ ಕಾಸರಗೋಡು ಮಂಗಳೂರು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವರು ಬೀಡಿ ಹಚ್ಚುವುದು, ಹಿಂದಿನ ಸೀಟಿನಲ್ಲಿ ಮಗುವನ್ನು ಎತ್ತಿಕೊಂಡವಳು ಸೆರಗಿನಿಂದ ಅದರ ಮುಖ ಮುಚ್ಚುವುದು ಯಾರಿಗೂ ವಿಶೇಷವೆನಿಸುತ್ತಿರಲಿಲ್ಲ. ಇಂದು ಬಸ್ಸಿನಲ್ಲಿ ಒಬ್ಬ ಬೀಡಿ ಹಚ್ಚಿದರೆ ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಪ್ರಯಾಣಿಕರು ಗದರಿಸುತ್ತಾರೆ. ಜನರು ಒಪ್ಪುವುದಿಲ್ಲ, ಹೋಟೆಲುಗಳು ಮುಚ್ಚಿಹೋಗುತ್ತವೆ ಎಂದು ಹೆದರಿಸಿದವರ ಮಾತು ನಿಜವಾಗಲಿಲ್ಲ. 2001ರಲ್ಲಿ ಸುಪ್ರೀಂ ಕೋರ್ಟಿನ ಆದೇಶ, 2003ರಲ್ಲಿ ಸಿಗರೇಟ್ ಮತ್ತಿತರ ತಂಬಾಕು ಪದಾರ್ಥಗಳನ್ನು ನಿಯಂತ್ರಿಸುವ ಕೇಂದ್ರದ ಕೋಟ್ಪಾ ಕಾಯ್ದೆ, 2008ರ ಅಕ್ಟೋಬರ್ 2ರಿಂದ ಹೊಸ ನಿಯಮಗಳು ಬಂದವು. ಆದರೆ ಆ ಕಾಯ್ದೆಯಲ್ಲಿ ಉದ್ಯಮಕ್ಕೆ ಬೇಕಾದ ಕಿಂಡಿಗಳೂ ಉಳಿದವು. 30 ಕೋಣೆಗಳಿರುವ ಹೋಟೆಲು, 30 ಅಥವಾ ಹೆಚ್ಚು ಆಸನಗಳಿರುವ ಉಪಾಹಾರ ಗೃಹ ಮತ್ತು ವಿಮಾನ ನಿಲ್ದಾಣಗಳಲ್ಲಿ ಪ್ರತ್ಯೇಕ ಧೂಮಪಾನ ಸ್ಥಳಕ್ಕೆ ಅವಕಾಶ ಇದೆ, ಗಾಳಿಯಾಡುವ ವ್ಯವಸ್ಥೆ ಸಾಕು ಎಂಬ ವಾದವನ್ನು ತಜ್ಞರು ಎಂದೋ ತಳ್ಳಿಹಾಕಿದ್ದರೂ. ಮಾರುವ ಅಂಗಡಿಯ ಮುಂದೆ ಜಾಹೀರಾತು ಫಲಕಕ್ಕೂ ರಿಯಾಯಿತಿ ಇದೆ. ಶಾಲೆಯಿಂದ 100 ಗಜದೊಳಗೆ ಮಾರಬಾರದೆಂಬ ನಿಯಮವನ್ನು ಜಾರಿ ಮಾಡಲು ಟೇಪು ಹಿಡಿದು ಅಳೆದವನು ನಾನು. ಗೇಟಿನಿಂದ ಅಳೆಯಬೇಕೇ, ಆವರಣದ ಗೋಡೆಯಿಂದಲೇ ಎಂದು ಅಂಗಡಿಯವರು ವಾದಿಸುತ್ತಿದ್ದರು. ಅಳತೆಯ ಹೊರಗೆ ಒಂದೇ ಮಾರು ದೂರದಲ್ಲಿ ಸಿಗರೇಟನ್ನು ಬಿಡಿಬಿಡಿಯಾಗಿ, ಮಿಠಾಯಿ ಡಬ್ಬಿಯ ಪಕ್ಕದಲ್ಲೇ ಇಟ್ಟು ಮಾರುವಾಗ ನಮ್ಮ ಕೈ ಕಟ್ಟಿಹೋಗುತ್ತಿತ್ತು. ಬಿಡಿಯಾಗಿ ಕೊಂಡವನಿಗೆ ಪೊಟ್ಟಣದ ಮೇಲಿನ ಚಿತ್ರ ಕಾಣುವುದೇ ಇಲ್ಲ.

ಈ ಕಿಂಡಿಗಳನ್ನು ಮುಚ್ಚುವ, ಬಿಡಿ ಮಾರಾಟವನ್ನು ನಿಲ್ಲಿಸುವ, ಖರೀದಿಯ ವಯಸ್ಸನ್ನು 21ಕ್ಕೆ ಏರಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಆರೋಗ್ಯ ಸಚಿವಾಲಯವು 2020ರಲ್ಲೇ ಸಿದ್ಧಪಡಿಸಿ ಜನರ ಅಭಿಪ್ರಾಯಕ್ಕೆ ಬಿಟ್ಟಿತ್ತು. ಅದು ಕಾಯ್ದೆಯಾಗಿ ಬರಲಿಲ್ಲ. ಕರ್ನಾಟಕವು ಕೇಂದ್ರಕ್ಕಾಗಿ ಕಾದು ಕೂರದೆ ತನ್ನದೇ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು, ವಯಸ್ಸನ್ನು 21ಕ್ಕೂ ಸಾರ್ವಜನಿಕ ಧೂಮಪಾನದ ದಂಡವನ್ನು 1,000 ರೂಪಾಯಿಗೂ ಏರಿಸಿತು. ಕೇಂದ್ರ ಕಾಯ್ದೆಯಲ್ಲಿ ವಯಸ್ಸು ಇನ್ನೂ 18, ದಂಡ ಹೆಚ್ಚೆಂದರೆ 200 ರೂಪಾಯಿ. ಹೀಗಾಗಿ ಕರ್ನಾಟಕದ ಗಡಿಯಾದ ತಲಪಾಡಿಯ ಆಚೆ ಸಿಗರೇಟ್ ಸಿಗದ ಹುಡುಗನಿಗೆ ಈಚೆಯ ಅಂಗಡಿಯಲ್ಲಿ ಅದು ಸಿಗುವ ಸ್ಥಿತಿ ಬಾರದಂತೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬೇಕು. ಗಡಿ ಪ್ರದೇಶದ ಸಂಸದರಿಗಿಂತ ಚೆನ್ನಾಗಿ ಇದನ್ನು ಸದನಕ್ಕೆ ತಿಳಿಸಬಲ್ಲವರು ಯಾರು?

ನಿಮ್ಮಿಂದ ನನ್ನ ನಿರೀಕ್ಷೆಗಳನ್ನು ಈಗ ನೇರವಾಗಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಭಾರತ 2004ರಲ್ಲೇ ಬದ್ಧವಾಗಿದೆ. ಆರೋಗ್ಯ ನೀತಿಯನ್ನು ತಂಬಾಕು ಉದ್ಯಮದ ಹಿತಾಸಕ್ತಿಯಿಂದ ಕಾಪಾಡಬೇಕೆಂದು ಅದರ 5.3ನೇ ವಿಧಿ ಹೇಳುತ್ತದೆ. ಆದರೆ ಸರ್ಕಾರದ ಒಂದು ಸಚಿವಾಲಯ ತಂಬಾಕು ಬಿಡಿ ಎನ್ನುತ್ತದೆ, ಇನ್ನೊಂದು ಸಚಿವಾಲಯದ ಅಡಿಯಲ್ಲಿ ತಂಬಾಕು ಉದ್ಯಮವನ್ನು ಬೆಳೆಸುವ ತಂಬಾಕು ಮಂಡಳಿ ಇದೆ, ಸರ್ಕಾರದ್ದೇ ಆದ ಭಾರತೀಯ ಜೀವ ವಿಮಾ ನಿಗಮದ ಕೈಯಲ್ಲಿ ಸಿಗರೇಟ್ ತಯಾರಿಸುವ ಐಟಿಸಿ ಕಂಪನಿಯ ಷೇರುಗಳ ದೊಡ್ಡ ಪಾಲಿದೆ. ಇದನ್ನು ಒಬ್ಬ ಸಂಸದರು ಒಂದೇ ದಿನದಲ್ಲಿ ಸರಿಪಡಿಸಲಾರರು ಎಂಬುದು ನನಗೆ ಗೊತ್ತು. ಆದರೆ ತಂಬಾಕು ಕಂಪನಿಗಳ ಅಥವಾ ಅವುಗಳ ಒಕ್ಕೂಟಗಳ ಪ್ರತಿನಿಧಿಗಳು ನಿಮ್ಮನ್ನು ಭೇಟಿಯಾದಾಗ ಅದನ್ನು ಜನರಿಗೆ ತಿಳಿಸಲು, ಅವರು ಕೊಡುವ ಮನವಿಗಳನ್ನು ಬಹಿರಂಗಪಡಿಸಲು ಯಾವ ಕಾಯ್ದೆಯೂ ಅಡ್ಡಿಯಿಲ್ಲ. ಆ ಒಂದು ಪದ್ಧತಿಯನ್ನು ನೀವು ಆರಂಭಿಸಬೇಕೆಂದು ಕೋರುತ್ತೇನೆ.

ಬೀಡಿಯ ತೆರಿಗೆ ಸಿಗರೇಟಿನ ಮಟ್ಟಕ್ಕೆ ಏರಲಿ, ಏರಿದ ಹಣದಿಂದ ಒಂದು ನಿಶ್ಚಿತ ಪಾಲು ಬೀಡಿ ಕಾರ್ಮಿಕರ ಕಲ್ಯಾಣಕ್ಕೆ ಮೀಸಲಾಗಲಿ ಎಂದು ಸದನದಲ್ಲಿ ಕೇಳಿ. ಬೀಡಿ ಸೇವನೆಯಿಂದ ಬರುವ ಕಾಯಿಲೆ ಮತ್ತು ಅಕಾಲ ಮರಣಗಳಿಂದ 2017ರಲ್ಲಿ ದೇಶಕ್ಕೆ ಆದ ನಷ್ಟ ಸುಮಾರು 80,550 ಕೋಟಿ ರೂಪಾಯಿ ಎಂದು ಅರ್ಥಶಾಸ್ತ್ರಜ್ಞ ರಿಜೋ ಜಾನ್ ಅಂದಾಜಿಸಿದ್ದಾರೆ. ಅದರ ಒಂದು ಸಣ್ಣ ಅಂಶ ಸಾಕು, ಕಟ್ಟುವವರನ್ನು ಬೇರೆ ಕೆಲಸಕ್ಕೆ ದಾಟಿಸಲು. ಹಲಸು, ಗೇರು, ಅಡಿಕೆ, ತೆಂಗು ಇರುವ ನಮ್ಮ ತಾಲೂಕಿನಲ್ಲಿ ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಘಟಕಗಳ ಮೂಲಕ ಆಹಾರ ಸಂಸ್ಕರಣೆ, ಹೊಲಿಗೆ ಮೊದಲಾದವಕ್ಕೆ ಬಂಡವಾಳ, ತರಬೇತಿ ಮತ್ತು ಮಾರುಕಟ್ಟೆ ಒದಗಿಸಬಹುದು. ಬರೇ ತರಬೇತಿ ಕೊಟ್ಟು ಪ್ರಮಾಣಪತ್ರ ಹಂಚಿದರೆ ಸಾಲದು. ಮೊದಲ ವರ್ಷಗಳಲ್ಲಿ ಬೀಡಿಯ ಮಜೂರಿಗೆ ಕಡಿಮೆಯಾಗದಷ್ಟು ಆದಾಯವನ್ನು ಸರ್ಕಾರ ಖಾತರಿ ಮಾಡದೆ ಯಾವ ತಾಯಿಯೂ ತಡಪೆ ಕೆಳಗಿಡಲಾರಳು. ಅರುವತ್ತು ದಾಟಿ ಹೊಸ ಕೆಲಸ ಕಲಿಯಲಾಗದವರಿಗೆ ಪಿಂಚಣಿ ಹೆಚ್ಚಿಸಬೇಕು. ಬ್ರಾಂಚ್ ಇರುವ ಪ್ರತಿ ಪಂಚಾಯತಿನಲ್ಲಿ ಬೀಡಿ ಕಾರ್ಮಿಕರ ಶ್ವಾಸಕೋಶ ತಪಾಸಣೆ ವರ್ಷಕ್ಕೊಮ್ಮೆಯಾದರೂ ಆಗಬೇಕು. ಪಿ.ಎಫ್. ಖಾತೆಯಲ್ಲಿ ಹೆಸರು, ಹುಟ್ಟಿದ ದಿನಾಂಕ ತಾಳೆಯಾಗದೆ ತಮ್ಮದೇ ಹಣಕ್ಕೆ ಅಲೆದಾಡುವ ವಯಸ್ಸಾದ ಹೆಂಗಸರಿಗಾಗಿ ನಿಮ್ಮ ಕಚೇರಿಯೇ ಒಂದು ಅದಾಲತ್ ಏರ್ಪಡಿಸಿದರೆ ಅದೊಂದು ದೊಡ್ಡ ಉಪಕಾರ. ಅಲ್ಲಿ ಕನ್ನಡ, ತುಳು ಬಲ್ಲ ಸಿಬ್ಬಂದಿ ಇರಬೇಕಾದದ್ದು ಅವಶ್ಯ, ಯಾಕೆಂದರೆ ಮಲಯಾಳದ ಅರ್ಜಿ ಫಾರಂ ಓದಲಾಗದೆ ಹಿಂದಿರುಗಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಸಂಸತ್ತಿನ ಮುಂದಿನ ಅಧಿವೇಶನಕ್ಕೆ ಮೊದಲು ಮಂಜೇಶ್ವರದಲ್ಲಿ ಬೀಡಿ ಕಾರ್ಮಿಕರ ಸಭೆಯೊಂದನ್ನು ಕರೆಯಿರಿ. ಕಂಪನಿಯವರನ್ನೂ ಕಾಂಟ್ರಾಕ್ಟುದಾರರನ್ನೂ ಹೊರಗಿಟ್ಟು, ಎಲೆ ಕತ್ತರಿಸುವವರ ಮಾತನ್ನು ಅವರ ಬಾಯಿಂದಲೇ ಕೇಳಿ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರದ ವೈದ್ಯರನ್ನೂ ಅದಕ್ಕೆ ಆಹ್ವಾನಿಸಿ. ಕೋಟ್ಪಾ ತಿದ್ದುಪಡಿಯ ಬಗ್ಗೆ, ಬೀಡಿ ತೆರಿಗೆಯ ಬಗ್ಗೆ ಮತ್ತು ರದ್ದಾದ ಕಲ್ಯಾಣ ಸೆಸ್ಸಿನ ಬದಲಿ ವ್ಯವಸ್ಥೆಯ ಬಗ್ಗೆ ನಿಮ್ಮ ನಿಲುವೇನೆಂದು ಲಿಖಿತವಾಗಿ ತಿಳಿಸಿದರೆ ಅದನ್ನು ನಮ್ಮ ಊರಿನ ವಾಚನಾಲಯದ ಫಲಕದಲ್ಲಿ ಎಲ್ಲರೂ ಓದುವಂತೆ ಹಾಕುತ್ತೇನೆ. ನಿಮ್ಮ ಉತ್ತರವನ್ನು ಎದುರು ನೋಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮಂಜೇಶ್ವರ ತಾಲೂಕಿನ ಒಬ್ಬ ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್